ಡಿಗ್ರಿ ಮುಗಿದ ಮೇಲೆ ಮತ್ತೆ ಕ್ಲಾಸ್ ತಗೊಂಡರೆ ಅಮೆರಿಕದಲ್ಲಿ ಮೆಡಿಕಲ್ ಸೀಟು ಸಿಗುತ್ತಾ?

ನ್ಯೂಜೆರ್ಸಿಯಲ್ಲಿ ಬಯಾಲಜಿ ಡಿಗ್ರಿ ಮುಗಿಸಿರುವ ಮಗಳ ಜಿಪಿಎ (ಎಲ್ಲ ಗ್ರೇಡುಗಳ ಸರಾಸರಿ, 4ಕ್ಕೆ) 3.1, ಇನ್ನೊಂದು ವರ್ಷ ಕಾಲೇಜಿಗೆ ಕಳಿಸಿದರೆ ಪ್ರಯೋಜನ ಇದೆಯಾ ಎಂದು ಕೇಳಿದ್ದೀರಿ. ಇಲ್ಲಿನ ಒಂದು ಯೂನಿವರ್ಸಿಟಿಯಲ್ಲಿ ಪ್ರಿ-ಮೆಡ್, ಅಂದರೆ ಮೆಡಿಕಲ್‌ಗೆ ತಯಾರಾಗುವ ಮಕ್ಕಳಿಗೆ ಸಲಹೆ ಕೊಡುವುದೇ ನನ್ನ ಕೆಲಸ. ಇಷ್ಟೇ ಜಿಪಿಎ ಇದ್ದವರು ಡಾಕ್ಟರಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ದಾರಿ ಇದೆ, ಧೈರ್ಯವಾಗಿರಿ.

ನಮ್ಮೂರ ಕಡೆ ಸೀಟು ಹಂಚುವುದು ನೀಟ್ ರ‍್ಯಾಂಕ್ ಮೇಲೆ. ಇಲ್ಲಿ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್ ಎಷ್ಟೇ ಚೆನ್ನಾಗಿ ಬರೆದರೂ ಕಾಲೇಜಿನ ಒಂದೊಂದು ಗ್ರೇಡೂ ಬೆನ್ನಿಗೇ ಬರುತ್ತದೆ. ಎಂಡಿ (ಇಲ್ಲಿ ಅದು ನಮ್ಮ ಎಂಬಿಬಿಎಸ್ ಥರದ ಮೊದಲ ಡಾಕ್ಟರ್ ಡಿಗ್ರಿ) ಕಾಲೇಜುಗಳಿಗೆ ಅರ್ಜಿ ಹಾಕುವ ಆಮ್‌ಕ್ಯಾಸ್ ಎಂಬ ವ್ಯವಸ್ಥೆಯಲ್ಲಿ ಜಿಪಿಎಯನ್ನು ಅವರೇ ಹೊಸದಾಗಿ ಲೆಕ್ಕ ಹಾಕುತ್ತಾರೆ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಬಂದಿತ್ತು, ಮತ್ತೆ ತಗೊಂಡು ಎ ತೆಗೆದಳು ಅನ್ನಿ. ಎರಡೂ ಲೆಕ್ಕಕ್ಕೆ ಬರುತ್ತವೆ. ಡಿಒ (ಆಸ್ಟಿಯೋಪಥಿಕ್ ಡಾಕ್ಟರ್ ಡಿಗ್ರಿ) ಕಾಲೇಜುಗಳು ಮೊದಲು ಹೊಸ ಗ್ರೇಡ್ ಮಾತ್ರ ಹಿಡಿಯುತ್ತಿದ್ದವು, 2017ರಲ್ಲಿ ಅದೂ ನಿಂತಿತು.

ಈಗ ಲೆಕ್ಕ ನೋಡಿ. 120 ಕ್ರೆಡಿಟ್‌ಗೆ 3.1 ಇದೆ. ಇನ್ನೂ 30 ಕ್ರೆಡಿಟ್ ತಗೊಂಡು ಎಲ್ಲದರಲ್ಲೂ ಎ ತೆಗೆದರೂ ಒಟ್ಟು 3.28 ಆಗುತ್ತದೆ. ವರ್ಷವಿಡೀ ಒದ್ದಾಡಿ ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಕಾಲೇಜಿಗೆ ಹೋಗುವ ಗ್ರೇಡ್ ಪಟ್ಟಿಯಲ್ಲಿ ಫ್ರೆಶ್‌ಮನ್‌ನಿಂದ (ಮೊದಲ ವರ್ಷ) ಸೀನಿಯರ್‌ವರೆಗೆ (ನಾಲ್ಕನೇ ವರ್ಷ) ವರ್ಷಕ್ಕೊಂದು ಸಾಲು ಇರುತ್ತದೆ. ಅದರ ಕೆಳಗೆ ಪೋಸ್ಟ್‌ಬ್ಯಾಕ್, ಅಂದರೆ ಡಿಗ್ರಿ ಮುಗಿದ ಮೇಲೆ ತಗೊಂಡ ಕ್ಲಾಸ್‌ಗಳು, ಅಂತ ಬೇರೆಯೇ ಒಂದು ಸಾಲು. ವಿಜ್ಞಾನ-ಗಣಿತದ ಜಿಪಿಎ ಪ್ರತ್ಯೇಕವಾಗಿ ಕಾಣುತ್ತದೆ. 2.8, 3.0, 3.2, 3.4 ಅಂತ ಬಂದು ಆ ಸಾಲಿನಲ್ಲಿ 3.9 ಕಂಡರೆ ಅರ್ಜಿ ನೋಡುವವರು ಗಮನಿಸದೆ ಇರುವುದಿಲ್ಲ. ನೀವು ಫೀಸು ಕಟ್ಟುವುದು ಆ ಒಂದು ಸಾಲಿಗೆ.

ಹಾಗಾಗಿ ಸುಲಭದ ಕ್ಲಾಸ್ ಬೇಡವೇ ಬೇಡ. ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಜೆನೆಟಿಕ್ಸ್, ಸೆಲ್ ಬಯಾಲಜಿ ಇಂಥವನ್ನು ತಗೊಳ್ಳಲಿ. ಒಂದೊಂದೇ ಎಳೆಯುವ ಬದಲು ಸೆಮಿಸ್ಟರ್‌ಗೆ ಮೂರು-ನಾಲ್ಕು ಒಟ್ಟಿಗೆ ನಿಭಾಯಿಸಿ ತೋರಿಸಬೇಕು. ಜೊತೆಗೆ ಕೆಲಸ ಮಾಡುತ್ತಿದ್ದರೆ ಗಂಟೆ ಕಡಿಮೆ ಮಾಡಿಸಿ.

ಬ್ರಿನ್ ಮಾರ್, ಗೌಚರ್ ಕಾಲೇಜುಗಳ ಪೋಸ್ಟ್‌ಬ್ಯಾಕ್ ಹೆಸರು ಕೇಳಿರುತ್ತೀರಿ. ಅಲ್ಲಿನ ಪ್ರೋಗ್ರಾಂ ಇರುವುದು ವಿಜ್ಞಾನ ಓದದೇ ಬಂದವರಿಗೆ, ನಿಮ್ಮ ಮಗಳಿಗಲ್ಲ. ಮೆಡಿಕಲ್‌ಗೆ ತಯಾರಾಗಲೆಂದೇ ಇರುವ ಸ್ಪೆಷಲ್ ಮಾಸ್ಟರ್ಸ್ ಡಿಗ್ರಿ ಬಗ್ಗೆ ಹೇಳುವುದಾದರೆ, ಅದರಲ್ಲಿ ಮೆಡಿಕಲ್ ಮೊದಲ ವರ್ಷದ ಮಟ್ಟದ ಪಾಠ ಇರುತ್ತದೆ. ಚೆನ್ನಾಗಿ ಮಾಡಿದರೆ ತುಂಬಾ ಅನುಕೂಲ. ಬಿ ಗ್ರೇಡುಗಳು ಬಂದವೋ, ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಫೀಸೂ ಜಾಸ್ತಿ. ಡಿಗ್ರಿಯ ಜಿಪಿಎಗೆ ಅದು ಸೇರುವುದೂ ಇಲ್ಲ. ನನ್ನನ್ನು ಕೇಳಿದರೆ ಮೊದಲು ಹತ್ತಿರದ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎರಡು ಸೆಮಿಸ್ಟರ್ ಓದಲಿ.

ದುಡ್ಡು ಕಟ್ಟುವ ಮುಂಚೆ ಇನ್ನೊಂದು ಮಾತು. ಆಗ 3.1 ಯಾಕೆ ಬಂತು ಅಂತ ಬೈಯದೆ ಕೇಳಿ. ರಾತ್ರಿ ಕೆಲಸವಾ, ಮನಸ್ಸು ಸರಿ ಇರಲಿಲ್ಲವಾ, ಓದುವ ರೀತಿಯೇ ಹಿಡಿತಕ್ಕೆ ಸಿಕ್ಕಿರಲಿಲ್ಲವಾ? ಮೆಡಿಕಲ್ ನಿಜವಾಗಿ ಅವಳಿಗೆ ಬೇಕಾ ಅಂತಲೂ ಕೇಳಿ. ಕಾರಣ ಹಾಗೇ ಉಳಿದಿದ್ದರೆ ಹೊಸ ಸಾಲೂ ಹಳೆಯ ಸಾಲುಗಳ ಥರಾನೇ ಬರುತ್ತದೆ. ಎಷ್ಟೋ ಮನೆಗಳಲ್ಲಿ ಈ ಮಾತುಕತೆ ಆಗುವುದೇ ಇಲ್ಲ. ಅದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸಮಯದ ವಿಷಯದಲ್ಲೂ ಆತುರ ಬೇಡ. ಅರ್ಜಿ ಸಲ್ಲಿಕೆ ಮೇ ಕೊನೆ, ಜೂನ್ ಹೊತ್ತಿಗೆ ಶುರುವಾಗುತ್ತದೆ. ಸಲ್ಲಿಸಿದ ಮೇಲೆ ಬಂದ ಗ್ರೇಡ್ ಆಮ್‌ಕ್ಯಾಸ್ ಜಿಪಿಎಗೆ ಸೇರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಕ್ಲಾಸ್ ಶುರು ಮಾಡಿ, ಮೇನಲ್ಲಿ ಎರಡೂ ಸೆಮಿಸ್ಟರ್ ಗ್ರೇಡ್ ಕೈಗೆ ಬಂದ ಮೇಲೆ ಅರ್ಜಿ ಹಾಕಲಿ.

ಎಂಕ್ಯಾಟ್ ಬರೆದಿದ್ದಾಳಾ ಅಂತ ನೀವು ಹೇಳಿಲ್ಲ. ಪೂರ್ತಿ ಸ್ಕೋರ್ 528, ಎಂಡಿ ಸೀಟು ಸಿಕ್ಕವರ ಸರಾಸರಿ 511ರ ಆಸುಪಾಸಿನಲ್ಲಿದೆ. ಅವಳದು 500ರ ಒಳಗಿದ್ದರೆ ಕ್ಲಾಸ್ ಒಂದರಿಂದಲೇ ಕೆಲಸ ಆಗುವುದಿಲ್ಲ, ಅದಕ್ಕೂ ಸಮಯ ಇಡಬೇಕು. ಸ್ಕೋರ್ ಮತ್ತು ವಿಜ್ಞಾನದ ಜಿಪಿಎ ತಿಳಿಸಿ, ಯಾವ ಕ್ಲಾಸ್ ಮೊದಲು ಅಂತ ನೋಡಿ ಹೇಳುತ್ತೇನೆ.