ಮಸಿಬಟ್ಟೆ ಒಳಗೆ ಏನು ಹಾಕಿ ಹೊಲಿಯೋದು?

ಪ್ರಶ್ನೆ: ಮೇಡಂ ನಮಸ್ತೆ, ನಮ್ದು ತೀರ್ಥಹಳ್ಳಿ ಹತ್ರ. ಹಳೆ ಕಾಟನ್ ಸೀರೆ, ನೈಟಿ ಎಲ್ಲಾ ರಾಶಿ ಬಿದ್ದಿತ್ತು, ಅದ್ರಲ್ಲಿ ಕೌದಿ ತರ ಹೊಲಿದು ಬಿಸಿ ಪಾತ್ರೆ ಹಿಡಿಯೋಕೆ ಪಾಟ್ ಹೋಲ್ಡರ್ ಮಾಡ್ತಿದೀನಿ. ಒಳಗೆ ದಿಂಬಿಗೆ ತುಂಬೋ ಫೈಬರ್ ಹಾಕಿದ್ದೆ, ಮೆತ್ತಗೆ ಚೆನ್ನಾಗೇ ಬಂತು, ಆದ್ರೆ ರೊಟ್ಟಿ ಹೆಂಚು ಹಿಡಿದ್ರೆ ಬಿಸಿ ಸೀದಾ ಕೈಗೆ ಬರತ್ತೆ, ಒಂದು ಕಡೆ ಗಂಟು ತರ ಗಟ್ಟಿ ಆಗಿದೆ. ಬೆಳ್ಳಿ ಹಾಳೆ ತರ ಹೊಳೆಯೋ ಬ್ಯಾಟಿಂಗ್, ಅಂದ್ರೆ ಬಟ್ಟೆ ಪದರದ ಮಧ್ಯ ಹಾಕೋ ಹಾಸು, ಆನ್‌ಲೈನ್‌ನಲ್ಲಿ ಸಿಗತ್ತಂತೆ, ಅದನ್ನೇ ತರಿಸ್ಬೇಕಾ?

ಉತ್ತರ: ನಮಸ್ತೆ. ಮೊದ್ಲು ಆ ಗಂಟಾಗಿರೋದನ್ನ ಬಿಚ್ಚಿ ತೆಗೆದುಬಿಡಿ, ಅದನ್ನ ಇನ್ನು ಬಳಸ್ಬೇಡಿ. ದಿಂಬಿನ ಫೈಬರ್ ಅಂದ್ರೆ ಪಾಲಿಯೆಸ್ಟರ್, ಅದು ಸುಮಾರು 250-260 ಡಿಗ್ರಿಗೆ ಕರಗತ್ತೆ, ಅದಕ್ಕಿಂತ ಮುಂಚೆನೇ ಮೆತ್ತಗಾಗಿ ಅಂಟೋಕೆ ಶುರು ಆಗತ್ತೆ, ದೊಡ್ಡ ಉರೀಲಿ ಖಾಲಿ ಬಿಟ್ಟ ಬೀಡಿನ ಹೆಂಚು ಅಷ್ಟು ಬಿಸಿ ಆಗೋದು ಏನೂ ಕಷ್ಟ ಅಲ್ಲ. ಕಾಟನ್ ಸುಟ್ರೆ ಕರಕಲಾಗತ್ತೆ ಅಷ್ಟೇ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟ್ಕೊಂಡ್ರೆ ಸುಟ್ಟಗಾಯ ಆಳಕ್ಕೆ ಹೋಗತ್ತೆ. ಸ್ಪಂಜೂ ಬೇಡ. ಹೊಲಿಯೋ ದಾರನೂ ಕಾಟನ್‌ದೇ ಇರ್ಲಿ, ಇದನ್ನ ತುಂಬಾ ಜನ ಮರೀತಾರೆ.

ಬಿಸಿ ತಡೆಯೋದು ನಿಜವಾಗ್ಲೂ ಬಟ್ಟೆ ಅಲ್ಲ ಕಣ್ರೀ, ಎಳೆಗಳ ಮಧ್ಯ ಅಲ್ಲಾಡದೆ ನಿಂತಿರೋ ಗಾಳಿ. ಉಬ್ಬಿರೋ ಫೈಬರ್ ನೋಡೋಕೆ ದಪ್ಪ, ಆದ್ರೆ ಬೀಡಿನ ಹೆಂಚನ್ನ ಬಿಗಿಯಾಗಿ ಹಿಡಿದ ತಕ್ಷಣ ಚಪ್ಪಟೆ ಆಗಿ ಗಾಳಿ ಎಲ್ಲಾ ಹೊರಗೆ ಹೋಗತ್ತೆ, ನಿಮಗೆ ಆಗಿದ್ದು ಅದೇ. ಅದ್ಕೆ ಅದುಮಿದ್ರೂ ಪೂರ್ತಿ ಕುಗ್ಗದೆ ಇರೋದು ಬೇಕು. ಹಳೆ ಟರ್ಕಿ ಟವೆಲ್ ಎರಡು ಪದರ ಒಳ್ಳೇದು, ಅದ್ರ ಕುಣಿಕೆ ಕುಣಿಕೆಯಾಗಿರೋ ನೂಲು ಗಾಳಿ ಹಿಡ್ಕೊಳತ್ತೆ.

ಅದಕ್ಕಿಂತ ಒಳ್ಳೇದು ಉಣ್ಣೆ. ನಿಮ್ಮನೇಲಿ ಮಳೆಗಾಲಕ್ಕೆ ಕೊಪ್ಪೆ ಹಾಕ್ತಿದ್ದ ಹಳೆ ಕುರಿ ಕಂಬಳಿ ಇದ್ರೆ, ಅಂಚು ಹರಿದಿದ್ರೂ ಪರವಾಗಿಲ್ಲ, ಅದೇ ಚಿನ್ನ. ಉಣ್ಣೆ ಎಳೆ ಗುಂಗುರು ಇರೋದ್ರಿಂದ ಅದುಮಿ ಬಿಟ್ರೆ ಮತ್ತೆ ಎದ್ದು ನಿಲ್ಲತ್ತೆ, ಕರಗಲ್ಲ, ಬೆಂಕಿ ತಾಗಿದ್ರೂ ಸುಲಭಕ್ಕೆ ಹತ್ಕೊಳಲ್ಲ. ಆದ್ರೆ ಈಗ ಕಂಬಳಿ ಅಂತ ಮಾರೋದ್ರಲ್ಲಿ ಅಕ್ರಿಲಿಕ್ ತುಂಬಾ ಇದೆ, ಹಂಗಾಗಿ ಕತ್ತರಿಸೋಕೆ ಮುಂಚೆ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು, ಬಚ್ಚಲಲ್ಲಿ ನೀರು ಪಕ್ಕದಲ್ಲಿಟ್ಕೊಂಡು ಕಡ್ಡಿ ಗೀರಿ ನೋಡಿ. ಕೂದ್ಲು ಸುಟ್ಟ ವಾಸನೆ ಬಂದು, ಆರಿದ್ಮೇಲೆ ಕರೀ ಬೂದಿ ಬೆರಳಲ್ಲಿ ಪುಡಿ ಆದ್ರೆ ಉಣ್ಣೆ. ತುದೀಲಿ ಗಟ್ಟಿ ಮಣಿ ತರ ಉಳಿದ್ರೆ ಪ್ಲಾಸ್ಟಿಕ್ ಜಾತಿ, ಬೇಡ. ಉಣ್ಣೆನ ಮೊದ್ಲೇ ಒಂದ್ಸಲ ಬಿಸಿನೀರಲ್ಲಿ ಒಗೆದು ಒಣಗಿಸಿ, ಇಲ್ಲಾಂದ್ರೆ ಹೊಲಿದಾದ್ಮೇಲೆ ಒಳಗೆ ಕುಗ್ಗಿ ಮೇಲಿನ ಬಟ್ಟೆ ಸುಕ್ಕಾಗತ್ತೆ.

ಬೆಳ್ಳಿ ಬ್ಯಾಟಿಂಗ್ ವಿಷಯ. ಅದು ಪಾಲಿಯೆಸ್ಟರ್ ಎಳೆ ಮಧ್ಯ ಲೋಹ ಲೇಪಿಸಿದ ತೆಳು ಫಿಲ್ಮ್ ಇಟ್ಟು ಮಾಡಿರೋದು. ದೂರದಿಂದ ಬರೋ ಝಳನ, ಅಂದ್ರೆ ಕೆಂಡದ ಎದುರು ನಿಂತಾಗ ಮುಖಕ್ಕೆ ಹೊಡೆಯತ್ತಲ್ಲ ಅದನ್ನ, ವಾಪಸ್ ಕಳಿಸತ್ತೆ. ಪಾತ್ರೆಗೆ ತಾಗಿಸಿ ಹಿಡಿದಾಗ ಬಿಸಿ ಬರೋದು ಮುಟ್ಟೋದ್ರಿಂದ, ಅಲ್ಲಿ ಆ ಹೊಳಪಿಂದ ಹೆಚ್ಚು ಪ್ರಯೋಜನ ಇಲ್ಲ. ಹಾಕಲೇಬೇಕು ಅಂದ್ರೆ ಎರಡೂ ಕಡೆ ಟವೆಲ್ ಪದರ ಕೊಡಿ, ಮತ್ತೆ ಅದನ್ನ ಮೈಕ್ರೋವೇವ್ ಒಳಗೆ ಯಾವತ್ತೂ ಇಡ್ಬೇಡಿ. ನನ್ನ ಕೇಳಿದ್ರೆ ಅದಕ್ಕೆ ದುಡ್ಡು ಹಾಕೋದೇ ಬೇಡ.

ಹೊಲಿಗೆ ಗೆರೆ ಎರಡು ಇಂಚಿಗೊಂದು ಸಾಕು. ಚೆಂದ ಕಾಣ್ಲಿ ಅಂತ ಹತ್ರಹತ್ರ ಹೊಡೆದ್ರೆ ಒಳಗಿನ ಪದರ ಎಲ್ಲಾ ಒತ್ತಿಹೋಗಿ ಗಾಳಿಗೆ ಜಾಗ ಇರಲ್ಲ.

ಇನ್ನೊಂದು ನಮ್ ಕಡೆಗೇ ಬೇಕಾದ್ದು, ಮಳೆಗಾಲ. ನಿಂತ ಗಾಳಿಗಿಂತ ನೀರು 20 ಪಟ್ಟಿಗೂ ಜಾಸ್ತಿ ಬೇಗ ಬಿಸಿ ದಾಟಿಸತ್ತೆ, ಒದ್ದೆ ಮಸಿಬಟ್ಟೇಲಿ ಹೆಂಚು ಹಿಡಿದ್ರೆ ಒಳಗಿನ ನೀರು ಹಬೆ ಆಗಿ ಕೈ ಸುಡತ್ತೆ. ಆಷಾಢದಲ್ಲಿ ದಪ್ಪ ಪಾಟ್ ಹೋಲ್ಡರ್ ಒಗೆದ್ರೆ ದಿನಗಟ್ಲೆ ಒಳಗೆ ಥಂಡಿ ಉಳಿಯತ್ತೆ, ಮೇಲೆ ಮುಟ್ಟಿದ್ರೆ ಒಣಗಿದ ಹಂಗೇ ಇರತ್ತೆ. ಅದ್ಕೆ ಒಂದೇ ದಪ್ಪದ್ದು ಬೇಡ. ಒಂದು ಪದರ ಕಂಬಳಿ, ಒಂದು ಟವೆಲ್, ಎರಡೂ ಕಡೆ ಕಾಟನ್ ಸೀರೆ, ಇಷ್ಟೇ ಹಾಕಿ ಎಂಟು ಇಂಚಿನ ಚೌಕದ್ದು ನಾಲ್ಕೈದು ಮಾಡಿಟ್ಕೊಳ್ಳಿ, ಹೆಂಚಿಗೆ ಎರಡು ಸೇರಿಸಿ ಹಿಡೀರಿ. ಮೂಲೇಲಿ ಕುಣಿಕೆ ಕೊಟ್ರೆ ಬಚ್ಚಲೊಲೆ ಕಾವಿಗೆ, ಉರಿಗೆ ದೂರ, ನೇತು ಹಾಕ್ಬೋದು. ಹೊಸದನ್ನ ಮೊದ್ಲು ಕುದಿಯೋ ನೀರಿನ ಪಾತ್ರೆಗೆ ಹಿಡಿದು ನೋಡಿ, ಆಮೇಲೆ ಹೆಂಚಿಗೆ.

ಪ್ರಶ್ನೆ: ಬೂರುಗದ ಅರಳೆ ತೋಟದಲ್ಲೇ ಬೇಕಾದಷ್ಟು ಸಿಗತ್ತೆ, ಅದನ್ನ ಹಾಕ್ಬೋದಾ? (ಹೊಸನಗರದ ಓದುಗರು)

ಉತ್ತರ: ಬೇಡ. ಅದಕ್ಕೆ ಬೆಂಕಿ ತುಂಬಾ ಬೇಗ ಹತ್ಕೊಳತ್ತೆ, ಸೌದೆ ಒಲೆ ಇರೋ ಮನೇಲಂತೂ ಒಂದು ಕಿಡಿ ಸಾಕು. ಒಗೆದ್ರೆ ಉಂಡೆ ಕಟ್ಟಿ ಮಧ್ಯ ಖಾಲಿ ಜಾಗ ಬೇರೆ ಬಿಡತ್ತೆ. ಅದನ್ನ ದಿಂಬಿಗೆ ತುಂಬಿ, ಮಸಿಬಟ್ಟೆಗೆ ಟವೆಲ್ಲೇ ಹಾಕಿ.