ಗಂಟಲಿನ ಪರೀಕ್ಷೆಯ ವರದಿಯಲ್ಲಿ ‘ಬೀಟಾ’ ಎಂದರೇನು?

ಪ್ರಶ್ನೆ: ಒಂಬತ್ತು ವರ್ಷದ ನನ್ನ ಮಗಳಿಗೆ ಜ್ವರ, ಗಂಟಲುನೋವು ಬಂದಿತ್ತು. ಪರೀಕ್ಷೆಯ ವರದಿಯಲ್ಲಿ ‘ಬೀಟಾ ಹೀಮೊಲಿಟಿಕ್ ಸ್ಟ್ರೆಪ್ಟೊಕಾಕಸ್, ಗ್ರೂಪ್ ಎ’ ಎಂದಿದೆ. ಇದರ ಅರ್ಥವೇನು? ವೈದ್ಯರು ಹತ್ತು ದಿನಕ್ಕೆ ಪೆನಿಸಿಲಿನ್ ಮಾತ್ರೆ ಬರೆದಿದ್ದಾರೆ. ಮೂರೇ ದಿನಕ್ಕೆ ಜ್ವರ ಇಳಿದಿದೆ, ಮಾತ್ರೆ ನಿಲ್ಲಿಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ನಿಲ್ಲಿಸಬೇಡಿ, ಕಾರಣವನ್ನು ಮುಂದೆ ಹೇಳುತ್ತೇನೆ. ಗ್ರೀಕ್ ಭಾಷೆಯಲ್ಲಿ ‘ಸ್ಟ್ರೆಪ್ಟೋಸ್’ ಎಂದರೆ ತಿರುಚಿದ್ದು, ‘ಕೊಕ್ಕೋಸ್’ ಎಂದರೆ ಕಾಳು. ಸೂಕ್ಷ್ಮದರ್ಶಕದಲ್ಲಿ ಮಣಿಸರದಂತೆ ಕಾಣುವ ಈ ಬ್ಯಾಕ್ಟೀರಿಯಾಗಳಿಗೆ ಶಸ್ತ್ರವೈದ್ಯ ಥಿಯೊಡೋರ್ ಬಿಲ್ರೋತ್ 1874ರಲ್ಲಿ ಇಟ್ಟ ಈ ಹೆಸರು ಬಹಳ ಸೊಗಸಾಗಿ ಹೊಂದುತ್ತದೆ. ‘ಹೀಮೊಲಿಟಿಕ್’ ಎಂದರೆ ಕೆಂಪು ರಕ್ತಕಣಗಳನ್ನು ಒಡೆಯುವಂಥದ್ದು. ರಕ್ತ ಬೆರೆಸಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಜೆಲ್ಲಿಯಂಥ ಪದಾರ್ಥ) ತಟ್ಟೆಯಲ್ಲಿ ಬೆಳೆಸಿದಾಗ ಸುತ್ತಲಿನ ಕಣಗಳು ಪೂರ್ತಿ ಒಡೆದು ತಿಳಿಯಾದ ಉಂಗುರ ಮೂಡಿದರೆ ಅದು ಬೀಟಾ, ಅರೆಬರೆ ಒಡೆದು ಹಸಿರುಛಾಯೆ ಕಂಡರೆ ಆಲ್ಫಾ. ‘ಗ್ರೂಪ್ ಎ’ ಎಂಬುದು ಜೀವಕೋಶದ ಗೋಡೆಯಲ್ಲಿರುವ ಶರ್ಕರಾಂಶವನ್ನು ಆಧರಿಸಿ ಅಮೆರಿಕದ ವಿಜ್ಞಾನಿ ರೆಬೆಕಾ ಲ್ಯಾನ್ಸ್‌ಫೀಲ್ಡ್ ರೂಪಿಸಿದ ವರ್ಗೀಕರಣ.

ಈ ಗುಂಪಿನ ಸೋಂಕಿಗೆ ಸರಿಯಾದ ಚಿಕಿತ್ಸೆ ಸಿಗದಿದ್ದರೆ, ಗಂಟಲು ವಾಸಿಯಾದ ಎರಡು ಮೂರು ವಾರಗಳ ನಂತರ ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರ ಕಾಣಿಸಿಕೊಳ್ಳುತ್ತದೆ. ಆಗ ರೋಗಾಣುವಿನ ವಿರುದ್ಧ ಎದ್ದ ದೇಹದ ರಕ್ಷಣಾವ್ಯವಸ್ಥೆಯೇ ಕೀಲುಗಳ ಮೇಲೂ ಹೃದಯದ ಕವಾಟಗಳ ಮೇಲೂ ತಿರುಗಿಬೀಳುತ್ತದೆ. ಕೀಲುನೋವು ಹೋಗುತ್ತದೆ, ಕವಾಟದ ಹಾನಿ ಮಾತ್ರ ಜೀವನಪೂರ್ತಿ ಉಳಿಯಬಹುದು. ನಮ್ಮ ದೇಶದಲ್ಲಿ ಇಂದಿಗೂ ಎಳೆಯ ವಯಸ್ಸಿನವರು ಇದರಿಂದ ನರಳುತ್ತಿರುವುದು ನನಗೆ ನೋವಿನ ಸಂಗತಿ. ಆದ್ದರಿಂದ ಹತ್ತು ದಿನಗಳ ಮಾತ್ರೆಯನ್ನು ಪೂರ್ತಿ ಕೊಡಿ. ಮೈಮೇಲೆ ದದ್ದು ಎದ್ದರೆ ಕೂಡಲೇ ವೈದ್ಯರಿಗೆ ತಿಳಿಸಿ.