ಕಾಂಗರೂ ದ್ವೀಪ ಮತ್ತು ಫ್ಲಿಂಡರ್ಸ್ ಬೆಟ್ಟ: ಪ್ರಾಣಿ ನೋಡಲು ಹತ್ತು ದಿನ ಸಾಕೇ?

ಪ್ರಶ್ನೆ: ಮಗಳು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಓದುತ್ತಿದ್ದಾಳೆ. ನಾನು, ನಮ್ಮ ಯಜಮಾನರು ಅವಳನ್ನು ನೋಡಲು ಹೋಗುವವರಿದ್ದೇವೆ. ಇಬ್ಬರಿಗೂ ಕಾಡು, ಪ್ರಾಣಿ, ಹಕ್ಕಿ ಅಂದರೆ ತುಂಬಾ ಇಷ್ಟ. ಕಬಿನಿ, ಬಂಡೀಪುರದಲ್ಲಿ ಎಷ್ಟೋ ಸಲ ಸಫಾರಿ ಮಾಡಿದ್ದೇವೆ. ಸುತ್ತಾಡಲು ಹತ್ತು ದಿನ ಇದೆ. ಕಾಂಗರೂ ದ್ವೀಪಕ್ಕೆ ಒಂದು ದಿನದ ಟೂರ್, ಆಮೇಲೆ ಫ್ಲಿಂಡರ್ಸ್ ರೇಂಜಸ್‌ನಲ್ಲಿ ಎರಡು ದಿನ, ಅಲ್ಲಿಂದ ಕಾರಿನಲ್ಲೇ ದೇಶದ ನಡುವಿನ ದೊಡ್ಡ ಕೆಂಪು ಬಂಡೆ ಉಲುರು ನೋಡೋಣ ಅಂದುಕೊಂಡಿದ್ದೇವೆ. ಕಾರು ಓಡಿಸುವವಳು ಮಗಳು. ಯಜಮಾನರಿಗೆ ಮಂಡಿ ನೋವಿದೆ. ಯಾವ ತಿಂಗಳು ಒಳ್ಳೆಯದು? ಏನೇನು ಕಾಣಬಹುದು?
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ಉಲುರು ಬಿಡಿ. ಅಡಿಲೇಡ್‌ನಿಂದ ಅಲ್ಲಿಗೆ ರಸ್ತೆಯಲ್ಲಿ ಸುಮಾರು 1,600 ಕಿ.ಮೀ. ಹೋಗಿ ಬರುವುದರಲ್ಲೇ ನಿಮ್ಮ ಅರ್ಧ ರಜೆ ಕಾರಿನ ಕಿಟಕಿಯಲ್ಲಿ ಕಳೆಯುತ್ತದೆ. ಆ ದಿನಗಳನ್ನು ಉಳಿದ ಎರಡು ಜಾಗಕ್ಕೆ ಕೊಡಿ. ದ್ವೀಪದಲ್ಲಿ ನಾಲ್ಕು ರಾತ್ರಿ, ಫ್ಲಿಂಡರ್ಸ್‌ನಲ್ಲಿ ನಾಲ್ಕು ರಾತ್ರಿ, ನಡುವೆ ಅಡಿಲೇಡ್‌ನಲ್ಲಿ ಒಂದು ರಾತ್ರಿ ವಿಶ್ರಾಂತಿ. ಇಷ್ಟಿದ್ದರೆ ಚೆನ್ನಾಗಿ ನೋಡಬಹುದು.

ಒಂದು ದಿನದ ಟೂರ್ ಏಕೆ ಬೇಡ ಅಂದರೆ, ಅಲ್ಲಿನ ಹೆಚ್ಚಿನ ಪ್ರಾಣಿಗಳು ಹೊರಬರುವುದು ಬೆಳಗಿನ ಜಾವ ಮತ್ತು ಸಂಜೆ. ಟೂರ್ ಬಸ್ಸು ಓಡಾಡುವುದು ನಡುಹಗಲಲ್ಲಿ. ಹಾಗಾದರೆ ನಾವೇ ಸಂಜೆ ಕಾರಿನಲ್ಲಿ ಹೋಗೋಣ ಅನ್ನಿಸಬಹುದು. ಅದೂ ಆಗದು. ಕತ್ತಲಾಗುತ್ತಿದ್ದಂತೆ ಕಾಂಗರೂ, ಅದರ ಚಿಕ್ಕ ಬಂಧುವಾದ ವಾಲಬಿ ರಸ್ತೆಗೇ ಬರುತ್ತವೆ. ದ್ವೀಪದ ರಸ್ತೆಬದಿಯಲ್ಲಿ ಸತ್ತು ಬಿದ್ದ ಪ್ರಾಣಿಗಳನ್ನು ನೋಡಿದರೆ ಹೊಟ್ಟೆ ಕಿವುಚುತ್ತದೆ. ಕೆಲವು ಬಾಡಿಗೆ ಕಾರುಗಳಿಗೆ ಕತ್ತಲಾದ ಮೇಲೆ ಇಂಥ ಅಪಘಾತವಾದರೆ ವಿಮೆಯೂ ಸಿಗುವುದಿಲ್ಲ. ಆದ್ದರಿಂದ ನಿಮ್ಮ ಪ್ರವಾಸದ ಅತಿ ಮುಖ್ಯ ನಿರ್ಧಾರ ಎಲ್ಲಿ ಉಳಿಯುತ್ತೀರಿ ಅನ್ನುವುದು. ರೂಮಿನ ಬಾಗಿಲು ತೆಗೆದರೆ ಪ್ರಾಣಿ ಕಾಣುವಂತಿರಬೇಕು. ಸೂರ್ಯ ಮುಳುಗುವ ಮೊದಲೇ ಕಾರು ನಿಲ್ಲಿಸಿ, ಕುರ್ಚಿ ಹಾಕಿಕೊಂಡು ಸುಮ್ನೆ ಕೂತುಬಿಡಿ. ಮಂಡಿ ನೋವಿಗೂ ಇದೇ ಒಳ್ಳೆಯದು. ಅಲ್ಲಿ ಕಬಿನಿಯಂತೆ ಜೀಪು, ಗೇಟು, ಸಮಯದ ಗಡಿಬಿಡಿ ಇಲ್ಲ. ಆದರೆ ತಾಳ್ಮೆ ಅಷ್ಟೇ ಬೇಕು.

ಈಗ ದ್ವೀಪದ ವಿಷಯ. ಅಡಿಲೇಡ್‌ನ ದಕ್ಷಿಣಕ್ಕಿರುವ ಕೇಪ್ ಜರ್ವಿಸ್‌ನಿಂದ ಪೆನ್ನೆಶಾ ಊರಿಗೆ ಫೆರ್ರಿಯಲ್ಲಿ 45 ನಿಮಿಷ. ಕಾರೂ ಜೊತೆಗೇ ಬರುತ್ತದೆ. ಭೂಪಟದಲ್ಲಿ ಚಿಕ್ಕದಾಗಿ ಕಂಡರೂ ಇದು ಸುಮಾರು 4,400 ಚದರ ಕಿ.ಮೀ. ಇರುವ ದ್ವೀಪ. ಪೆನ್ನೆಶಾದಿಂದ ಪಶ್ಚಿಮದ ಫ್ಲಿಂಡರ್ಸ್ ಚೇಸ್ ರಾಷ್ಟ್ರೀಯ ಉದ್ಯಾನಕ್ಕೆ ಎರಡು ಗಂಟೆ ಹಿಡಿಯುತ್ತದೆ. ಹಾಗಾಗಿ ಎರಡು ರಾತ್ರಿ ಕಿಂಗ್ಸ್‌ಕೋಟ್ ಅಥವಾ ಪೆನ್ನೆಶಾ ಕಡೆ, ಎರಡು ರಾತ್ರಿ ಪಶ್ಚಿಮದ ತುದಿಯಲ್ಲಿ ಇರಿ. ಕೇಪ್ ಡು ಕುಯೆಡಿಕ್ ದೀಪಸ್ತಂಭದ ಕಾವಲುಗಾರರು ಇರುತ್ತಿದ್ದ ಹಳೆಯ ಕಲ್ಲಿನ ಮನೆಗಳು ಬಾಡಿಗೆಗೆ ಸಿಗುತ್ತವೆ. ಸಿಕ್ಕರೆ ಬಿಡಬೇಡಿ.

ದ್ವೀಪದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೀಲ್ ಬೇ. ಆಸ್ಟ್ರೇಲಿಯಾದ ಕಡಲಸಿಂಹಗಳು ಅಲ್ಲಿನ ಮರಳಿನ ಮೇಲೆ ಮಲಗಿರುತ್ತವೆ. ಇವು ಅಳಿವಿನಂಚಿನಲ್ಲಿವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬೇಟೆಗಾರರು ಚರ್ಮಕ್ಕಾಗಿ ಇವನ್ನು ವಿಪರೀತ ಕೊಂದರು. ಸಂಖ್ಯೆ ಇನ್ನೂ ಚೇತರಿಸಿಲ್ಲ. ಒಂದು ಕಾರಣ, ಇವು ವರ್ಷಕ್ಕೊಮ್ಮೆ ಮರಿ ಹಾಕುವುದಿಲ್ಲ. ಸುಮಾರು 18 ತಿಂಗಳಿಗೊಮ್ಮೆ ಹಾಕುತ್ತವೆ. ತಾಯಿ ಎರಡು ಮೂರು ದಿನ ಸಮುದ್ರದಲ್ಲಿ ಬೇಟೆಯಾಡಿ, ದಣಿದು ಬಂದು, ಮರಿಗೆ ಹಾಲು ಕೊಟ್ಟು ಮಲಗುತ್ತದೆ. ಆ ನಿದ್ದೆ ಅದಕ್ಕೆ ಬೇಕೇ ಬೇಕು. ಅದಕ್ಕೇ ಮರಳಿಗೆ ಇಳಿಯಲು ರೇಂಜರ್ ಜೊತೆಗಿರಲೇಬೇಕು. ಇಳಿಯಲಾಗದವರಿಗೆ ಮರದ ಹಲಗೆಯ ಕಾಲುದಾರಿ ಇದೆ, ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ. ಪಶ್ಚಿಮದ ಅಡ್ಮಿರಲ್ಸ್ ಆರ್ಚ್‌ನಲ್ಲಿ ತುಪ್ಪಳದ ಸೀಲ್‌ಗಳಿವೆ. ಅಲ್ಲಿ ಮೆಟ್ಟಿಲು ಜಾಸ್ತಿ. ಯಜಮಾನರು ಮೇಲಿನಿಂದಲೇ ಬೈನಾಕ್ಯುಲರ್ ಹಿಡಿಯಲಿ.

ದ್ವೀಪದ ಕಾಂಗರೂ ಮುಖ್ಯ ಭೂಮಿಯ ಕಾಂಗರೂವಿಗಿಂತ ಗಿಡ್ಡ. ಬಣ್ಣ ಕಡು ಕಂದು, ಕೂದಲು ದಟ್ಟ. ಕೋಲಾ ಇಲ್ಲಿನ ಮೂಲ ನಿವಾಸಿಯಲ್ಲ, 1920ರ ದಶಕದಲ್ಲಿ ತಂದು ಬಿಟ್ಟದ್ದು. ಎಕಿಡ್ನಾ ಎದುರಾದರೆ ಹತ್ತಿರ ಹೋಗಬೇಡಿ, ಅಲ್ಲಾಡದೆ ನಿಲ್ಲಿ. ಮೈತುಂಬ ಮುಳ್ಳಿರುವ, ಮೊಟ್ಟೆಯಿಡುವ ಈ ಪ್ರಾಣಿ ಇರುವೆ ಹುಡುಕುತ್ತಾ ನಿಮ್ಮ ಕಾಲ ಬಳಿಗೇ ಬಂದರೂ ಬಂದೀತು.

ಹಕ್ಕಿ ಪ್ರಿಯರಾದ್ದರಿಂದ ಗಿಳಿಯ ಬಳಗದ ಗ್ಲಾಸಿ ಬ್ಲ್ಯಾಕ್ ಕಾಕಟೂ ಬಗ್ಗೆ ಹೇಳಲೇಬೇಕು. ನಮ್ಮ ಗಾಳಿಮರದ ಬಂಧುವಾದ ಶೀಓಕ್ ಮರದ ಕಾಯಿಯೇ ಇದಕ್ಕೆ ಊಟ. 1990ರ ದಶಕದಲ್ಲಿ ದ್ವೀಪದಲ್ಲಿ 200ಕ್ಕಿಂತ ಕಡಿಮೆ ಇದ್ದವು. ಮರವೇರುವ ಪಾಸಮ್ ಎಂಬ ಪ್ರಾಣಿಗಳು ಗೂಡಿನ ಮೊಟ್ಟೆ, ಮರಿ ತಿನ್ನದಂತೆ ಗೂಡಿನ ಮರಗಳಿಗೆ ತಗಡು ಸುತ್ತಿದ ಮೇಲೆ ಸಂಖ್ಯೆ ಏರಿತು. ಅಷ್ಟರಲ್ಲಿ 2019–20ರ ಬೇಸಿಗೆಯ ಕಾಳ್ಗಿಚ್ಚು ದ್ವೀಪದ ಹೆಚ್ಚುಕಡಿಮೆ ಅರ್ಧವನ್ನು ಸುಟ್ಟಿತು. ಫ್ಲಿಂಡರ್ಸ್ ಚೇಸ್ ಬಹುತೇಕ ಪೂರ್ತಿ ಉರಿಯಿತು. ಕಾಡು ಮತ್ತೆ ಚಿಗುರಿದೆ, ಆದರೆ ಕಪ್ಪು ಕಾಂಡಗಳು ಇನ್ನೂ ಕಣ್ಣಿಗೆ ಬೀಳುತ್ತವೆ. ಶೀಓಕ್ ಮರದ ಕೆಳಗೆ ಕಾಯಿಯ ಹೊಸ ಚೂರು ಬಿದ್ದಿದ್ದರೆ ನಿಂತು ಕಿವಿಗೊಡಿ. ಮೇಲೆ ಕಟಕಟ ಅಗಿಯುವ ಸದ್ದು ಕೇಳಿದರೆ ಹಕ್ಕಿ ಅಲ್ಲೇ ಇದೆ.

ಫ್ಲಿಂಡರ್ಸ್ ರೇಂಜಸ್‌ಗೆ ಅಡಿಲೇಡ್‌ನಿಂದ ಸುಮಾರು 450 ಕಿ.ಮೀ., ಐದು ಗಂಟೆ ದಾರಿ. ದಾರಿಯ ಹಾಕರ್ ಊರಿನಲ್ಲಿ ಪೆಟ್ರೋಲ್ ತುಂಬಿಸಿ, ನೀರು ಇಟ್ಟುಕೊಳ್ಳಿ. ಮುಂದೆ ಎಷ್ಟೋ ಕಡೆ ಫೋನ್ ಸಿಗ್ನಲ್ ಇರುವುದಿಲ್ಲ. ವಿಲ್ಪೀನಾದಲ್ಲೇ ಉಳಿಯಿರಿ. ಅಲ್ಲಿ ಟೆಂಟುಗಳ ನಡುವೆಯೇ ಬೂದು ಕಾಂಗರೂ, ಎಮು ಓಡಾಡುತ್ತವೆ. ಎಮುವಿನಲ್ಲಿ ಮೊಟ್ಟೆಗೆ ಕಾವು ಕೊಡುವುದು, ಮರಿ ಸಾಕುವುದು ಎಲ್ಲ ಅಪ್ಪನ ಕೆಲಸ. ಸೆಪ್ಟೆಂಬರ್‌ನಲ್ಲಿ ಪಟ್ಟೆಪಟ್ಟೆಯ ಮರಿಗಳ ಸಾಲನ್ನು ಹಿಂದಿಟ್ಟುಕೊಂಡು ಹೋಗುವ ಅಪ್ಪಂದಿರು ಸಿಗಬಹುದು. ಬಯಲಲ್ಲಿ ಕೆಂಪು ಕಾಂಗರೂ, ಬೆಟ್ಟದ ಇಳಿಜಾರಿನಲ್ಲಿ ಯೂರೋ ಎಂಬ ಬೆಟ್ಟದ ಕಾಂಗರೂ, ಮೇಲೆ ವೆಜ್-ಟೇಲ್ಡ್ ಹದ್ದು.

ಆದರೆ ನೀವು ಅಷ್ಟು ದೂರ ಹೋಗಬೇಕಾದದ್ದು ಹಳದಿ ಕಾಲಿನ ಬಂಡೆ ವಾಲಬಿಗಾಗಿ. ಉಂಗುರ ಉಂಗುರವಾದ ಉದ್ದ ಬಾಲ, ಕಡಿದಾದ ಬಂಡೆಯಲ್ಲೂ ತಪ್ಪದ ಹೆಜ್ಜೆ. ತುಪ್ಪಳದ ಬೇಟೆ, ಹೊರಗಿನಿಂದ ಬಂದ ನರಿ, ಮೇವು ಕಸಿದ ಕಾಡುಮೇಕೆಗಳಿಂದ ಇದು ಅಳಿಯುವ ಹಂತಕ್ಕೆ ಬಂದಿತ್ತು. 1992ರಲ್ಲಿ ಶುರುವಾದ ಬೌನ್ಸ್‌ಬ್ಯಾಕ್ ಯೋಜನೆ ನರಿ, ಮೇಕೆ ಹತೋಟಿಗೆ ತಂದ ಮೇಲೆ ವಾಲಬಿ ಮರಳಿತು. ಅದೇ ನೆಲಕ್ಕೆ 2014ರಿಂದ ವೆಸ್ಟರ್ನ್ ಕ್ವೋಲ್ ಎಂಬ, ಮೈಮೇಲೆ ಬಿಳಿ ಚುಕ್ಕೆಯ ಚಿಕ್ಕ ಮಾಂಸಾಹಾರಿ ಪ್ರಾಣಿಯನ್ನೂ ಮತ್ತೆ ತಂದು ಬಿಟ್ಟಿದ್ದಾರೆ. ವಾಲಬಿ ನೋಡಲು ಬೆಳಗ್ಗೆ ಬ್ರಾಚಿನಾ ಕಣಿವೆಗೆ ಹೋಗಿ. ಚಳಿಯಿದ್ದರೆ ಅವು ಎಳೆ ಬಿಸಿಲು ಬಿದ್ದ ಬಂಡೆಯ ಮೇಲೆ ಮೈ ಕಾಯಿಸುತ್ತಾ ಕೂತಿರುತ್ತವೆ. ಕಾರಿನೊಳಗಿಂದಲೇ ಕಾಣಬಹುದು. ಅದು ಡಾಂಬರಿಲ್ಲದ ರಸ್ತೆ, ಮಳೆ ಬಂದರೆ ಮುಚ್ಚುತ್ತಾರೆ. ಬಾಡಿಗೆ ಕಾರಿನ ಕರಾರಿನಲ್ಲಿ ಮಣ್ಣು ರಸ್ತೆಗೆ ಒಪ್ಪಿಗೆ ಇದೆಯಾ ಎಂದು ಮಗಳು ಮೊದಲೇ ಓದಲಿ.

ಇದು ಅಡ್ನ್ಯಮತನ ಎಂಬ ಮೂಲನಿವಾಸಿ ಜನರ ನಾಡು. ಇಲ್ಲಿನ ಅತಿ ಎತ್ತರದ ಸೇಂಟ್ ಮೇರಿ ಶಿಖರದ ತುದಿಗೆ ಹತ್ತಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ. ಆ ಮಾತನ್ನು ಮಗಳೂ ನಡೆಸಿಕೊಡಲಿ.

ತಿಂಗಳು ಅಂದರೆ, ಮೇ ಅಥವಾ ಸೆಪ್ಟೆಂಬರ್‌ನ ಮೊದಲ ಭಾಗ. ನಾನಾದರೆ ಸೆಪ್ಟೆಂಬರ್ ಆರಿಸುತ್ತೇನೆ. ಬೇಸಿಗೆಯಲ್ಲಿ, ಅಂದರೆ ನಮ್ಮ ಡಿಸೆಂಬರ್–ಫೆಬ್ರುವರಿಯಲ್ಲಿ, ಫ್ಲಿಂಡರ್ಸ್ ಕಡೆ 40 ಡಿಗ್ರಿ ದಾಟುವುದುಂಟು. ಸೆಪ್ಟೆಂಬರ್ ಕೊನೆಗೆ ಅಲ್ಲಿ ಶಾಲಾ ರಜೆ ಶುರು, ವಿಲ್ಪೀನಾದಲ್ಲಿ ಜಾಗ ಸಿಗುವುದು ಕಷ್ಟ. ಸೆಪ್ಟೆಂಬರ್‌ನಲ್ಲೂ ದ್ವೀಪದಲ್ಲಿ ಗಾಳಿ, ಚಳಿ ಇರುತ್ತದೆ. ಸ್ವೆಟರ್ ಜೊತೆ ಮಳೆಯಂಗಿಯೂ ಇರಲಿ.

ತಿಂಡಿ ಕಟ್ಟಿಕೊಂಡು ಹೋಗುವವರಿಗೆ ಒಂದು ಮಾತು. ಆಸ್ಟ್ರೇಲಿಯಾದಲ್ಲಿ ಇಳಿಯುವಾಗ ತಿನ್ನುವ ವಸ್ತು ಏನಿದ್ದರೂ ಕಾರ್ಡಿನಲ್ಲಿ ಬರೆದು ತೋರಿಸಬೇಕು. ಹಸಿ ಕರಿಬೇವು, ಹಣ್ಣು, ಹಾಲಿನ ಸಿಹಿ ಬೇಡವೇ ಬೇಡ. ದ್ವೀಪಕ್ಕಂತೂ ಜೇನುತುಪ್ಪ, ಆಲೂಗೆಡ್ಡೆ ಒಯ್ಯುವಂತಿಲ್ಲ. 1885ರಿಂದ ಅದು ಇಟಲಿ ಮೂಲದ ಲಿಗೂರಿಯನ್ ಜೇನುಹುಳುಗಳಿಗೆ ಮೀಸಲಾದ ಆಶ್ರಯ, ಹೊರಗಿನ ರೋಗ ತಗಲಬಾರದು ಎಂದು ಈ ನಿಯಮ. ಜೇನುತುಪ್ಪ ಬೇಕಿದ್ದರೆ ಅಲ್ಲಿನದನ್ನೇ ಕೊಳ್ಳಿ. ಚಪಾತಿಗೆ ಬಹಳ ರುಚಿ.